ಕಂಬಕ್ಕೆ ಬರೆದ ಬಾಯಿ

ನಮ್ಮ ಮನೆಯ ಪಡಸಾಲೆಗೆ ನಾಲ್ಕು ಕಂಬಗಳಿದ್ದವು. ಮೂರು ಕಂಬಗಳಿಗೆ ಮಾಳಿಗೆ ಹೊರುವ ಕೆಲಸ ಮಾತ್ರ. ಅಡುಗೆಮನೆಯ ಬಾಗಿಲ ಪಕ್ಕದ ನಾಲ್ಕನೆಯದಕ್ಕೆ ಮಾಳಿಗೆಯ ಜೊತೆಗೆ ನಮ್ಮವ್ವನ ಮಾತನ್ನೂ ಹೊರುವ ಕೆಲಸವಿತ್ತು. ಆ ಕಂಬಕ್ಕೆ ಕಣ್ಣು, ಕಿವಿ, ಮೀಸೆ, ಬಾಯಿ ಎಲ್ಲ ಬರೆದವಳು ನಾನು. ಬರೆದದ್ದಕ್ಕೆ ಬೈಸಿಕೊಂಡವಳೂ ನಾನೇ.

ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ನಗಲಿ. ನಮ್ಮೂರು ಮೋರಟಗಿಯಲ್ಲಿ ಆಗ ಸೊಸೆಯಾದವಳು ಮಾವನ ಮುಂದೆ ನಿಂತು ಮಾತನಾಡುವ ಪದ್ಧತಿ ಇರಲಿಲ್ಲ. ಹಾಗಂತ ಮಾತೇ ಇಲ್ಲದೆ ಮನೆ ನಡೆಯುತ್ತದೆಯೇ? ಅದಕ್ಕೆ ನಮ್ಮ ಹೆಂಗಸರು ಒಂದು ದಾರಿ ಕಂಡುಕೊಂಡಿದ್ದರು. ಕಂಬದ ಮರೆಗೆ ನಿಂತು, ಸೆರಗನ್ನು ಮೂಗಿನ ತನಕ ಎಳೆದುಕೊಂಡು, ಮಾವನಿಗೆ ಹೇಳಬೇಕಾದದ್ದನ್ನು ಕಂಬಕ್ಕೆ ಹೇಳುವುದು. ಕೆಲವರ ಮನೆಯಲ್ಲಿ ಕಂಬದ ಬದಲು ಬೀಸುವ ಕಲ್ಲು, ಇನ್ನು ಕೆಲವರಲ್ಲಿ ನೀರಿನ ಹರವಿ. ನಮ್ಮಲ್ಲಿ ಕಂಬ.

"ಕಂಬಪ್ಪಾ, ರೊಟ್ಟಿ ಆಗ್ಯಾವಂತ ಹೇಳು. ಕೈಕಾಲಿಗೆ ನೀರ ಇಟ್ಟೇನಂತ ಹೇಳು," ಎನ್ನುತ್ತಿದ್ದಳು ಅವ್ವ.

"ಬಂದೆ ಅಂತ ಹೇಳಪಾ ಕಂಬಾ," ಎಂದು ಅಜ್ಜ ಕುಳಿತಲ್ಲಿಂದಲೇ ಉತ್ತರ ಕೊಡುತ್ತಿದ್ದ.

ಇಬ್ಬರ ನಡುವೆ ನಾಲ್ಕು ಮಾರು ದೂರವೂ ಇರುತ್ತಿರಲಿಲ್ಲ. ಆದರೂ ಅವ್ವ ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಅಜ್ಜನಾಗಲಿ ಅವ್ವನಾಗಲಿ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತು ಆಡಿರಲಿಲ್ಲ. ಅವ್ವನ ಮುಖ ಹೇಗಿದೆ ಎಂದು ಕೇಳಿದ್ದರೆ ಅಜ್ಜ ಹೇಳುತ್ತಿದ್ದನೋ ಇಲ್ಲವೋ. ಸೀರೆಯ ಸೆರಗು ಯಾವ ಬಣ್ಣದ್ದೆಂದರೆ ಹೇಳುತ್ತಿದ್ದ.

ಮನೆಯಲ್ಲಿ ಇದ್ದವರೇ ಮೂವರು. ಅಜ್ಜನ ಹೆಂಡತಿ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದಳು. ಅಪ್ಪ ಬಸವನ ಬಾಗೇವಾಡಿಯ ಕಡೆಯ ಒಂದು ಹಳ್ಳಿಯ ಸಾಲೆಯಲ್ಲಿ ಮಾಸ್ತರ. ಹದಿನೈದು ದಿನಕ್ಕೊಮ್ಮೆ ಶನಿವಾರ ಬಂದು, ಸೋಮವಾರ ನಸುಕಿಗೇ ಮೋಟಾರು ಹಿಡಿಯಲು ಹೋಗುತ್ತಿದ್ದ. ಹೀಗಾಗಿ ಉಳಿದ ದಿನಗಳಲ್ಲಿ ಅಜ್ಜ, ಅವ್ವ, ನಾನು, ಮತ್ತು ಲೆಕ್ಕಕ್ಕೆ ಹಿಡಿದರೆ ಆ ಕಂಬ.

ಅದಕ್ಕೆ ಮುಖ ಬರೆಯುವ ಯೋಚನೆ ನನಗೆ ಬಂದದ್ದು ಒಂದು ತೊಟ್ಟಿಲ ಮುಂದೆ. ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಹಾಕುವುದು ಕೂಸನ್ನಲ್ಲ, ಮಸಾಲೆ ಅರೆಯುವ ಗುಂಡುಕಲ್ಲನ್ನು. ಅದಕ್ಕೆ ಎಣ್ಣೆ ಹಚ್ಚಿ, ಕಾಡಿಗೆಯಿಂದ ಕಣ್ಣು ತಿದ್ದಿ, ತಲೆಗೆ ಕುಂಚಿಗೆ ಕಟ್ಟುತ್ತಾರೆ. ಹೆಂಗಸರು ಅದನ್ನು ತೊಟ್ಟಿಲ ಕೆಳಗಿನಿಂದ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಾ, "ಹಾಲ ಕುಡದೇನಪಾ? ನಿದ್ದಿ ಬಂತೇನಪಾ?" ಎಂದು ಮಾತನಾಡಿಸುತ್ತಾರೆ. ಓಣಿಯ ಒಂದು ಮನೆಯಲ್ಲಿ ಇದನ್ನು ನೋಡಿದೆ. ಬೆಳಿಗ್ಗೆ ಬೆಳ್ಳುಳ್ಳಿ ಅರೆದ ಕಲ್ಲು ಮಧ್ಯಾಹ್ನಕ್ಕೆ ಕೂಸಾಗುವುದಾದರೆ, ದಿನವೂ ಮಾತು ಕೇಳುವ ಕಂಬ ಯಾಕೆ ಮನುಷ್ಯನಾಗಬಾರದು ಅನ್ನಿಸಿತು. ಆಗ ನನಗೆ ಒಂಬತ್ತು ವರ್ಷ. ತಲೆಯಲ್ಲಿ ಒಂದು ಹೊಕ್ಕರೆ ಅದನ್ನು ಮಾಡಿ ಮುಗಿಸುವವರೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅವ್ವ ಹಿತ್ತಲಲ್ಲಿ ಸೆಗಣಿ ಕುಳ್ಳು ತಟ್ಟುತ್ತಿದ್ದಾಗ ಕೆಲಸ ಮುಗಿಸಿದೆ. ಸುಣ್ಣದಿಂದ ಕಣ್ಣಿನ ಬಿಳಿ, ಕಾಡಿಗೆಯಿಂದ ಗುಡ್ಡೆ, ಇದ್ದಿಲಿನಿಂದ ಮೀಸೆ, ಕೆಮ್ಮಣ್ಣಿನಿಂದ ತುಟಿ. ಗೋಡೆಗೂ ಕಿವಿ ಇರುತ್ತವೆ ಎಂದು ದೊಡ್ಡವರು ಹೇಳುವುದನ್ನು ಕೇಳಿದ್ದೆನಲ್ಲ, ಕಂಬಕ್ಕೇನು ಕಡಿಮೆ ಎಂದು ಎರಡು ದೊಡ್ಡ ಕಿವಿ ಬರೆದೆ. ಕೊನೆಗೆ ಅಜ್ಜನ ಹಳೆಯ ರುಮಾಲು ತಂದು ಸುತ್ತಿದೆ. ಮೀಸೆ ಸ್ವಲ್ಪ ಜಾಸ್ತಿಯಾಗಿ ಕಿವಿಯ ತನಕ ಹೋಗಿತ್ತು.

ಅವ್ವ ನೋಡಿದವಳೇ, "ಏನ ಮಾಡಿದ್ಯೇ ನಿನ್ನ ಕೈಗಿಷ್ಟು! ಮಾವಾರು ನೋಡಿದ್ರ ಏನಂದಾರು?" ಎಂದು ನೆತ್ತಿಗೆ ಒಂದು ಮೊಟಕಿದಳು. ಒದ್ದೆ ಅರಿವೆ ತರಲು ಒಳಗೆ ಹೋದಳು. ಅಷ್ಟರಲ್ಲಿ ಅಜ್ಜ ಬಂದುಬಿಟ್ಟ.

ಅಜ್ಜ ಊರಿಗೆ ಹಿರಿಯ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ ಎಲ್ಲ ಅವನ ಕಟ್ಟೆಗೇ ಬರುತ್ತಿದ್ದವು. ಅವನು ನಕ್ಕದ್ದನ್ನು ನೋಡಿದವರು ಕಡಿಮೆ. ಕಂಬದ ಮುಂದೆ ನಿಂತು ಬಹಳ ಹೊತ್ತು ನೋಡಿದ. ತನ್ನ ಮೀಸೆ ಸವರಿಕೊಂಡ. "ಇವನ ಮೀಸಿ ನನ್ನವಕ್ಕಿಂತ ದೊಡ್ಡವಾದುವಲ್ಲ," ಎಂದ. ಅಷ್ಟೇ. ಅವ್ವ ಒದ್ದೆ ಅರಿವೆಯನ್ನು ಹಾಗೆಯೇ ಒಳಗೆ ಇಟ್ಟಳು, ಮುಖ ಉಳಿಯಿತು.

ಅಲ್ಲಿಂದ ಮುಂದೆ ನಾನು ಕಂಡದ್ದು ಏನೆಂದರೆ, ಅವ್ವ ಹೆಚ್ಚು ಮಾತನಾಡತೊಡಗಿದಳು. ಮೊದಲು ರೊಟ್ಟಿ, ನೀರು, ದನ, ಇಷ್ಟಕ್ಕೇ ಮಾತು ಮುಗಿಯುತ್ತಿತ್ತು. ಈಗ ಅಜ್ಜ ಹೊಲಕ್ಕೆ ಹೋದ ಮೇಲೂ ಕೆಲಸ ಮಾಡುತ್ತಾ ಕಂಬದ ಹತ್ತಿರ ಏನಾದರೂ ಹೇಳುತ್ತಲೇ ಇರುತ್ತಿದ್ದಳು. "ನೋಡಪಾ, ಈ ಹುಡುಗಿ ಒಂದು ಕೊಡ ನೀರು ತಂದು ಅರ್ಧಾ ಕೊಡ ಮೈಮ್ಯಾಲೆ ಸುರಕೊಂಡಾಳ." "ನೀನರ ಹೇಳಪಾ, ಹುಣಸಿಹಣ್ಣ ಹಾಕಿದ್ನೋ ಇಲ್ಲೋ, ನನಗ ಮರತ ಹೋತು." ಬಾಜೂ ಮನೆಯ ಚಾಚಿ ಗೋಡೆಯ ಮೇಲಿನಿಂದ ಇಣುಕಿ, "ಏನಬೇ, ಕಂಬದ ಕೂಡ ಸಂಸಾರ ಜೋರ ನಡದೈತಿ?" ಎಂದು ಚುಡಾಯಿಸುತ್ತಿದ್ದಳು. ಚಾಚಿಯೇನು ಕಡಿಮೆ ಇರಲಿಲ್ಲ. ತಮ್ಮ ಹರವಿಗೆ ತಾನೇ ಬಳೆ ತೊಡಿಸಿದ್ದಳು, ಅದಕ್ಕೆ ಬೇಗಮ್ಮ ಎನ್ನುತ್ತಿದ್ದಳು. ಗಂಡ ಇರದ ಹೊತ್ತಿನಲ್ಲಿ ಗಂಡನಿಗೆ ಬೈಯಬೇಕಾದದ್ದನ್ನೆಲ್ಲ ಬೇಗಮ್ಮನ ಮುಂದೆ ಬೈಯುತ್ತಿದ್ದಳು.

ಮುಖವಿಲ್ಲದ ಕಂಬಕ್ಕೆ ಕೆಲಸದ ಮಾತು ಮಾತ್ರ ಹೇಳಬಹುದು, ಮುಖವಿದ್ದರೆ ಸುಖದುಃಖವನ್ನೂ ಹೇಳಬಹುದು ಎಂದು ಆಗ ನನಗೆ ತಿಳಿದಿರಲಿಲ್ಲ. ಅವ್ವನಿಗೆ ಮಾತಿಗೆ ಎಷ್ಟು ಹಸಿವಾಗಿತ್ತು ಎಂಬುದು ನಾನು ಮದುವೆಯಾಗಿ ಇನ್ನೊಂದು ಮನೆಗೆ ಹೋದ ಮೇಲೆ ಅರ್ಥವಾಯಿತು.

ಆ ಚಳಿಗಾಲ ಅಜ್ಜನ ಉತ್ತರಗಳು ಸ್ವಲ್ಪ ಅಡ್ಡಾದಿಡ್ಡಿಯಾಗಿದ್ದವು. ಒಂದು ಸಂಜೆ ಅವ್ವ, "ಕಂಬಪ್ಪಾ, ಎಮ್ಮಿ ಈದೈತಿ, ಹೆಣ್ಣಗರಾ ಅಂತ ಹೇಳು," ಎಂದಳು. ಅಜ್ಜ, "ಹೂಂ, ಬಡಸಂತ ಹೇಳು," ಎಂದ. ಇನ್ನೊಂದು ದಿನ ಓಣಿಯಲ್ಲಿ ಯಾರೋ ತೀರಿಕೊಂಡರು ಎಂದು ಅವ್ವ ಹೇಳಿದ್ದಕ್ಕೆ, "ಚಲೋ ಆತಂತ ಹೇಳು," ಎಂದುಬಿಟ್ಟ. ನಾವು ತಾಯಿ ಮಗಳು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ವಯಸ್ಸಾದ ಮೇಲೆ ಮುದುಕರ ಲಕ್ಷ್ಯವೆಲ್ಲ ಹೊಟ್ಟೆಯ ಮೇಲೆ ಎಂದಳು ಅವ್ವ. ನಗಬಾರದಿತ್ತು. ಆದರೆ ನಕ್ಕೆವು.

ಸುಗ್ಗಿಗೆ ಇನ್ನೂ ಸ್ವಲ್ಪ ದಿನವಿದ್ದಾಗ, ಜೋಳ ಹಾಲು ತುಂಬಿ, ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಹೊತ್ತಿನಲ್ಲಿ, ಒಬ್ಬ ಬಳೆಗಾರ ನಮ್ಮ ಓಣಿಗೆ ಬಂದ. ಊರೂರು ತಿರುಗುವವನು. ಅಜ್ಜ ಹೊಲದಲ್ಲಿದ್ದ. ಬಳೆಗಾರ ಅವ್ವನ ಕೈ ಹಿಡಿದು ಬಳೆ ಇಳಿಸುತ್ತಾ, "ಯವ್ವಾ, ದೇವಣಗಾಂವಿನ್ಯಾಗ ನಿಮ್ಮವ್ವ ಹಾಸಿಗಿ ಹಿಡದಾರ. ಮಗಳನ್ನ ಒಮ್ಮಿ ನೋಡಬೇಕಂತಾರ. ಲಗೂನ ಹೋಗಿ ಬಾ," ಎಂದ. ಒಂದು ಬಳೆ ಅವ್ವನ ಕೈಯಲ್ಲೇ ಒಡೆಯಿತು.

ಅವ್ವನ ಅವ್ವ, ನಮ್ಮ ಆಯಿ, ಎಂದರೆ ನನಗೂ ಜೀವ. ಅವಳು ನಮ್ಮನ್ನು ನೋಡಲು ಬಂದಾಗಲೆಲ್ಲ ಬಗಲಲ್ಲಿ ಒಂದು ಗಂಟು ಇರುತ್ತಿತ್ತು. ಶೇಂಗಾದ ಹೋಳಿಗೆ, ಅಗಸೆಯ ಹಿಂಡಿ, ಭೀಮಾ ನದಿಯ ದಂಡೆಯ ಬದನೆಕಾಯಿ. ನಮ್ಮ ಮನೆಯೊಳಗೆ ಕಾಲಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುವ ಮೊದಲೇ, "ಉಂಡೀರೇನು?" ಎನ್ನುವವಳು ಅವಳು.

ತವರಿಗೆ ಹೋಗಬೇಕಾದರೆ ಸೊಸೆ ಮಾವನ ಅಪ್ಪಣೆ ಕೇಳಬೇಕು, ತಾನೇ ಕೇಳಬೇಕು. ಮರುದಿನ ಬೆಳಿಗ್ಗೆ ಅಜ್ಜ ಬಿಸಿಲಿಗೆ ಮೈಕೊಟ್ಟು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತಿದ್ದ. ಅವ್ವ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಕಂಬದ ಹಿಂದೆ ನಿಂತಳು.

"ಕಂಬಪ್ಪಾ, ನಮ್ಮವ್ವಗ ಆರಾಮಿಲ್ಲಂತ. ನಾಕ ದಿನ ದೇವಣಗಾಂವಿಗೆ ಹೋಗಿ ಬರಲೇನಂತ ಕೇಳು."

ಅಜ್ಜ ಏನೂ ಅನ್ನಲಿಲ್ಲ. ಅವ್ವ ಕಾದಳು. ಅವನು ಎಲೆಗೆ ಸುಣ್ಣ ಹಚ್ಚಿದ, ಮಡಚಿದ, ಬಾಯಲ್ಲಿಟ್ಟುಕೊಂಡ, ಬೀದಿಯ ಕಡೆ ನೋಡಿದ. ಅವ್ವ ಕೈಬಳೆ ಸಪ್ಪಳವಾಗದಂತೆ ಹಿಡಿದುಕೊಂಡು ಒಳಗೆ ಬಂದಳು.

"ಮಾವಾರಿಗೆ ಮನಸಿಲ್ಲ," ಎಂದಳು.

ಮೌನ ಎಂದರೆ ಸಮ್ಮತಿ ಎಂದು ಯಾರು ಹೇಳಿದರೋ, ಅವರು ನಮ್ಮ ಕಡೆಯ ಹಿರಿಯರನ್ನು ಕಂಡವರಲ್ಲ. ನಮ್ಮಲ್ಲಿ ಹಿರಿಯರು ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ಮನಿರುತ್ತಾರೆ. ಕೇಳಿದವರು ತಿಳಿದುಕೊಂಡು ಹಿಂದೆ ಸರಿಯಬೇಕು. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಇದು ಅವ್ವನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಒಂಬತ್ತು ವರ್ಷದ ನನಗೂ ಗೊತ್ತಿತ್ತು.

"ನಾ ಕೇಳ್ಲೇನವಾ ಅಜ್ಜಗ?" ಎಂದೆ.

"ಬಾಯಿ ಮುಚ್ಚು. ಹಿರ್ಯಾರು ಸುಮ್ಮನಾದ ಮ್ಯಾಲೆ ಹುಡುಗುರ ಕೈಲೆ ಕೇಳಿಸಿದ್ರ ಅವರ ಮಾತ ಮುರದಂಗ. ನೀ ಏನರ ಬಾಯಿ ಬಿಟ್ಟೀ ಅಂದ್ರ ನನ್ನ ಆಣಿ ಐತಿ ನೋಡು."

ಆಣೆ ಹಾಕಿದ ಮೇಲೆ ಮುಗಿಯಿತು. ನಾಲ್ಕು ದಿನ ಬಿಟ್ಟು ಅವ್ವ ಇನ್ನೊಮ್ಮೆ ಕೇಳಿದಳು. ಈ ಸಲ ಅಜ್ಜ ಕಂಬದ ಕಡೆ ನೋಡಿದ ಕೂಡ. ನೋಡಿ, "ಹೂಂ" ಎಂದೂ ಅನ್ನದೆ, ರುಮಾಲು ಸುತ್ತಿಕೊಂಡು ಎದ್ದು ಹೋದ. ಶನಿವಾರ ಅಪ್ಪ ಬಂದ. ಅವ್ವ ಅವನ ಮುಂದೆ ಎಲ್ಲ ಹೇಳಿದಳು.

"ನೀ ಕೇಳಿದೇನು? ಏನಂದ್ರು?"

"ಏನೂ ಅನ್ನಲಿಲ್ಲ. ಎರಡ ಸಲ ಕೇಳೀನಿ."

ಅಪ್ಪ ಸಾಲೆಯಲ್ಲಿ ನಲವತ್ತು ಹುಡುಗರನ್ನು ಒಂದು ಕಣ್ಣಿನ ನೋಟದಿಂದ ಕೂರಿಸುತ್ತಿದ್ದನಂತೆ. ತನ್ನಪ್ಪನ ಮುಂದೆ ಅವನದು ಅದೇ ಹುಡುಗರ ಗತಿ. "ಅಂದ್ರ ಅವರಿಗೆ ಮನಸಿಲ್ಲ. ಮುಂದಿನ ಸಲ ಬಂದಾಗ ನೋಡೂನು," ಎಂದ. ಸೋಮವಾರ ಹೋದ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅವನು ಬದುಕಿರುವವರೆಗೆ ಪೂರ್ತಿ ಇಳಿಯಲಿಲ್ಲ. ಇದನ್ನು ಈಗ ಹೇಳಿಬಿಡುವುದೇ ಒಳ್ಳೆಯದು.

ಚಾಚಿಗೆ ಸುದ್ದಿ ತಿಳಿದು, "ನಾ ಕೇಳ್ತೇನಿ ತಡಿ ನಿಮ್ಮ ಮಾವಗ. ಹೆತ್ತವ್ವನ ಮಾರಿ ನೋಡಾಕ ಎಂಥಾ ಅಪ್ಪಣಿ?" ಎಂದು ಗೋಡೆ ಸುತ್ತಿ ಬಂದೇಬಿಟ್ಟಳು. ಅವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ಬ್ಯಾಡಬೇ ಅಕ್ಕಾ. ಮಾವಾರು ನನ್ನ ಮ್ಯಾಲೆ ಇವತ್ತಿನ ತನಕ ಒಂದು ಸಿಟ್ಟಿನ ಮಾತ ಆಡಿಲ್ಲ. ಅವರಿಗೆ ಏನೋ ಇದ್ದೀತು ಮನಸಿನ್ಯಾಗ." ಹೀಗೆ ಹೇಳುತ್ತಲೇ ಅತ್ತಳು.

ನಾನು ಮಾತ್ರ ಅಜ್ಜನ ಜೊತೆ ಟೂ ಬಿಟ್ಟೆ. ಅವನು ಕರೆದರೆ ಹೋಗಲಿಲ್ಲ. ಚರಿಗೆಯ ನೀರನ್ನು ಮುಂದೆ ಕುಕ್ಕಿ ಬರುತ್ತಿದ್ದೆ. ಅವನ ಚಪ್ಪಲಿಯನ್ನು ದನದ ಗ್ವಾದಲಿಯಲ್ಲಿ ಮೇವಿನ ಕೆಳಗೆ ಮುಚ್ಚಿಟ್ಟೆ. ಅವನು ಎಲ್ಲವನ್ನೂ ಸಹಿಸಿಕೊಂಡು, ನನ್ನ ಮುಖವನ್ನೇ ಪಿಳಿಪಿಳಿ ನೋಡುತ್ತಿದ್ದ. ಆ ನೋಟ ಕಂಡರೆ ನನಗೆ ಮತ್ತಷ್ಟು ಉರಿಯುತ್ತಿತ್ತು.

ಬಳೆಗಾರ ಬಂದು ಹನ್ನೆರಡನೆಯ ದಿನ ಸಿಂದಗಿ ಸಂತೆಗೆ ಹೋಗಿದ್ದ ಚಾಚಾ, ಎಂದರೆ ಚಾಚಿಯ ಗಂಡ, ಇನ್ನೊಂದು ಸುದ್ದಿ ತಂದ. ಸಂತೆಯಲ್ಲಿ ದೇವಣಗಾಂವಿನವರು ಸಿಕ್ಕಿದ್ದರಂತೆ. "ಮುದಿಕಿಗೆ ಮಾತು ಕಮ್ಮಿ ಆಗ್ಯಾವಂತ. ಕಣ್ಣು ಬಾಗಲ ಕಡೇನ ಅದಾವಂತ," ಎಂದ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿ ಅಂಚಿನಲ್ಲಿ ಹರಿಯಿತು, ಉಂಡೆ ಮಾಡಿ ಮತ್ತೆ ಬಡಿದಳು, ಮತ್ತೆ ಹರಿಯಿತು. ನನ್ನನ್ನು ನೋಡಿ, "ಕಟ್ಟಿಗಿ ಹಸಿ ಅದಾವ, ಹೊಗಿ," ಎಂದಳು. ಕಟ್ಟಿಗೆ ಒಣಗಿದ್ದವು.

ನನಗೆ ತಡೆಯಲಾಗಲಿಲ್ಲ. ಅಜ್ಜನ ಮೇಲೆ ಕೈಮಾಡುವಂತಿಲ್ಲ, ಬಾಯಿ ಬಿಡುವಂತಿಲ್ಲ, ಆಣೆ ಇದೆ. ಕಳೆ ತೆಗೆಯುವ ಕುರ್ಪಿ ಹಿರಿದುಕೊಂಡು ಹೋಗಿ ಕಂಬದ ಬಾಯಿಯನ್ನು ಕೆರೆಯತೊಡಗಿದೆ. ಎರಡು ಕಿವಿ ಬರೆದಿದ್ದೆ, ಅಷ್ಟು ದೊಡ್ಡ ಮೀಸೆ ಬರೆದಿದ್ದೆ, ರುಮಾಲು ಸುತ್ತಿದ್ದೆ. ನಮ್ಮವ್ವನ ಒಂದು ಮಾತನ್ನು ಮುಟ್ಟಿಸಲಾಗದ ಬಾಯಿ ಇದ್ದರೇನು, ಹೋದರೇನು? ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಮೂಗನ್ನು ಬಿಟ್ಟು ಬಾಯಿ ಕೊಯ್ಯುತ್ತಿದ್ದೆ.

ಅಜ್ಜ ಯಾವಾಗ ಬಂದು ಹಿಂದೆ ನಿಂತನೋ ಗೊತ್ತಿಲ್ಲ. "ಯಾಕವಾ, ಪಾಪ, ಅವ ಏನ ಮಾಡ್ಯಾನ?" ಎಂದ.

ನಾನು ತಿರುಗಲೇ ಇಲ್ಲ. ಕೆರೆಯುತ್ತಲೇ, "ನಿನಗ ಕರುಳಿಲ್ಲ. ನೀ ಮನಶ್ಯಾನೇ ಅಲ್ಲ," ಎಂದೆ. ಜೋರಾಗಿಯೇ ಅಂದೆ. ಆಣೆ ಅಲ್ಲಿಗೇ ಅರ್ಧ ಮುರಿದಿತ್ತು. ಬೆನ್ನಿನ ಮೇಲೆ ಏಟು ಬೀಳುತ್ತದೆ ಎಂದು ಮೈ ಬಿಗಿ ಹಿಡಿದು ನಿಂತೆ. ಬೀಳಲಿಲ್ಲ.

"ಪಾಪ, ಎಷ್ಟ ಚಂದ ಇದ್ದ," ಎಂದ ಅಜ್ಜ, ನಾನು ಏನೂ ಅಂದೇ ಇಲ್ಲವೆನ್ನುವ ಹಾಗೆ.

ನಾನು ತಿರುಗಿ ನೋಡಿದೆ. ಅವನು ಬಾಗಿ, ನನ್ನ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ಮಾಡಿದ. "ಈ ಕಡೆ ಮಾರಿ ಮಾಡಿ ಹೇಳವಾ. ಬಾಯಿ ಕಾಣಬೇಕು." ಆಮೇಲೆ ಕಂಬದ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದ: "ನೀ ಇವಗ ಬಾಯಿ ಬರದಾಗ ನನಗ ಭಾಳ ಖುಷಿ ಆಗಿತ್ತು. ಆದ್ರ ಅದು ಅಲಗಾಡೂದಿಲ್ಲ. ಏನಂತಾನ, ಹೆಂಗ ತಿಳೀಬೇಕು ನನಗ?"

ಆಗ ನನ್ನ ಕೈಯಿಂದ ಕುರ್ಪಿ ಬಿತ್ತು.

ಎಷ್ಟು ದಿನದಿಂದ ಹೀಗೆ ಎಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಳೆದ ಮಳೆಗಾಲದಿಂದ ಕಿವಿ ಮಂದವಾಗುತ್ತಾ ಬಂದು, ಈಗ ಎತ್ತಿನ ಗಂಟೆಯೂ ಕೇಳುತ್ತಿರಲಿಲ್ಲ. ಎದುರು ಕುಳಿತವರ ತುಟಿ ನೋಡಿ ಮಾತು ಹಿಡಿಯುವುದನ್ನು ತನಗೆ ತಾನೇ ಕಲಿತುಕೊಂಡಿದ್ದ. ಆ ವರ್ಷದ ಜಗಳಗಳನ್ನೆಲ್ಲ ಹಾಗೆಯೇ ಬಗೆಹರಿಸಿದ್ದ. ಮುಖಕ್ಕೆ ಮುಖ ಕೊಟ್ಟು ಮಾತನಾಡುವವರೆಲ್ಲರ ಮಾತು ಅವನಿಗೆ ತಲುಪುತ್ತಿತ್ತು. ಅವನ ಎದುರು ಬಾಯಿ ತೋರಿಸದೆ ಮಾತನಾಡುತ್ತಿದ್ದವಳು ಇಡೀ ಊರಿನಲ್ಲಿ ಒಬ್ಬಳೇ. ಕಂಬದ ಅಂಚಿಗೆ ಸೆರಗು ಕಂಡರೆ, ಹೊತ್ತು ನೋಡಿ, ಊಟದ ಹೊತ್ತಾಗಿದ್ದರೆ ಬಡಿಸು ಎನ್ನುತ್ತಿದ್ದ, ಇಲ್ಲವಾದರೆ ಚಲೋ ಆಯಿತು ಎನ್ನುತ್ತಿದ್ದ. ಒಮ್ಮೊಮ್ಮೆ ಏನು ಹೇಳಿದರೆ ಏನು ತಪ್ಪಾಗುತ್ತದೋ ಎಂದು ಹೆದರಿ ಸುಮ್ಮನಿದ್ದುಬಿಡುತ್ತಿದ್ದ.

"ಯಾರ ಮುಂದೂ ಹೇಳಬ್ಯಾಡವಾ," ಎಂದ. "ನ್ಯಾಯ ಹೇಳಾವ ಕೆಪ್ಪ ಅಂದ್ರ ಮಂದಿ ನಗ್ತಾರ." ಅಷ್ಟು ದೊಡ್ಡ ಮನುಷ್ಯ ನನ್ನ ಮುಂದೆ ಹುಡುಗನಂತೆ ಕೈಮುಗಿಯುವುದೊಂದು ಬಾಕಿ. ನನ್ನ ಅಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ. ಅವನ ಚಪ್ಪಲಿ ಇನ್ನೂ ಗ್ವಾದಲಿಯಲ್ಲಿತ್ತು ಎಂಬುದು ನೆನಪಾಗಿ ನಾಚಿಕೆಯಾಯಿತು.

ನಾನು ತುಟಿ ಅಗಲ ಮಾಡಿ, ಒಂದೊಂದೇ ಮಾತು ಬಿಡಿಸಿ, ಎಲ್ಲ ಹೇಳಿದೆ. ಆಯಿಗೆ ಜಡ್ಡು. ಅವ್ವ ಕೇಳಿದಳು. ನೀನು ಸುಮ್ಮನಾದೆ. ಮತ್ತೆ ಕೇಳಿದಳು. ಮತ್ತೆ ಸುಮ್ಮನಾದೆ.

ಅಜ್ಜ ಕಂಬವನ್ನು ಹಿಡಿದುಕೊಂಡ. ಆಮೇಲೆ ಯಾವತ್ತೂ ಮಾಡದ ಕೆಲಸ ಮಾಡಿದ. ಅಡುಗೆಮನೆಯ ಹೊಸ್ತಿಲಿಗೆ ಹೋದ. ಅವ್ವ ಗಾಬರಿಯಾಗಿ, ಹಿಟ್ಟಿನ ಕೈಯಿಂದಲೇ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅಜ್ಜ ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತ.

"ಯವ್ವಾ, ನನಗ ಕಿವಿ ಕೇಳಸೂದಿಲ್ಲ. ನೀ ಕೇಳಿದ್ದು ನನಗ ಮುಟ್ಟಲೇ ಇಲ್ಲ. ಸೆರಗ ತಗದು, ನನ್ನ ಕಡೆ ಮಾರಿ ಮಾಡಿ, ಇನ್ನೊಮ್ಮಿ ಹೇಳು."

ಅವ್ವ ತಿರುಗಲಿಲ್ಲ. ನಾನು ಹೋಗಿ ಅವಳ ಕೈ ಹಿಡಿದು ತಿರುಗಿಸಿದೆ, ಸೆರಗನ್ನೂ ನಾನೇ ಸರಿಸಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾವ ಸೊಸೆಯ ಮುಖ ಪೂರ್ತಿ ನೋಡಿದ. ಒಂದು ಕೆನ್ನೆಗೆ ಜೋಳದ ಹಿಟ್ಟು ಹತ್ತಿತ್ತು. ಅವ್ವ ಕಣ್ಣು ಕೆಳಗೆ ಹಾಕಿಕೊಂಡು, "ನಮ್ಮವ್ವನ್ನ ನೋಡಬೇಕ್ರಿ ಮಾವಾರ," ಎಂದಳು. ಅಷ್ಟು ಹೇಳಲು ಅವಳಿಗೆ ಮೂರು ಸಲ ಉಸಿರು ಬೇಕಾಯಿತು.

"ನಾಳೆ ಹೊತ್ತು ಹುಟ್ಟೂದರಾಗ ಹೊಂಡೂನು. ನಾನೂ ಬರ್ತೇನಿ," ಎಂದ ಅಜ್ಜ.

ಚಾಚಾ ತನ್ನ ಚಕ್ಕಡಿ ಹೂಡಿದ. ಅವನ ಎತ್ತುಗಳು ನಮ್ಮವಕ್ಕಿಂತ ಚುರುಕು. ಚಾಚಿ ದಾರಿಯ ಬುತ್ತಿ ಕಟ್ಟಿಕೊಟ್ಟಳು, ಅವ್ವನ ತಲೆಯ ಮೇಲೆ ಕೈಯಿಟ್ಟು ತನ್ನ ದೇವರನ್ನೂ ನಮ್ಮ ದೇವರನ್ನೂ ಒಟ್ಟಿಗೇ ನೆನೆದಳು. ದಾರಿಯುದ್ದಕ್ಕೂ ಅವ್ವ ಚಕ್ಕಡಿಯ ಹಿಂದಿನ ತುದಿಯಲ್ಲಿ, ಅಜ್ಜ ಮುಂದಿನ ತುದಿಯಲ್ಲಿ. ಕರಿಭೂಮಿ ಒಣಗಿ ಬಿರುಕು ಬಿಟ್ಟಿತ್ತು, ಗಾಲಿ ಇಳಿದು ಏರಿದಾಗಲೆಲ್ಲ ಅವ್ವ "ಲಗೂನ, ಲಗೂನ" ಎಂದು ತನ್ನಷ್ಟಕ್ಕೇ ಅನ್ನುತ್ತಿದ್ದಳು. ನನಗೆ ಒಂದೇ ಚಿಂತೆ. ಆಯಿ ಕಾಯುತ್ತಾಳೋ ಇಲ್ಲವೋ.

ಕಾದಿದ್ದಳು. ಸಂಜೆ ದನ ಮನೆಗೆ ಬರುವ ಹೊತ್ತಿಗೆ ನಾವು ದೇವಣಗಾಂವ ಮುಟ್ಟಿದೆವು. ಆಯಿ ಒಳಕೋಣೆಯಲ್ಲಿ ಗೋಡೆಗೆ ಅಂಟಿಕೊಂಡು ಮಲಗಿದ್ದಳು. ಅಷ್ಟು ಸಣ್ಣಗಾಗಿದ್ದಳು, ಹಾಸಿಗೆಯಲ್ಲಿ ಹುಡುಕಬೇಕಿತ್ತು. ಅವ್ವ ಹೋಗಿ ಅವಳ ಮುಖದ ಹತ್ತಿರ ಮುಖ ಒಯ್ದಳು. ಆಯಿಯ ಕಣ್ಣಲ್ಲಿ ನೀರು ಬಂತು, ತುಟಿ ಅಲುಗಾಡಿತು. ದನಿ ಬರಲಿಲ್ಲ.

"ಎರಡ ದಿನ ಆತು, ದನಿ ನಿಂತೈತಿ," ಎಂದ ಸೋದರಮಾವ. "ಏನೋ ಹೇಳ್ತಾಳ, ತಿಳೀವಲ್ದು. ನೀರ ಕೊಟ್ರ ನೀರಲ್ಲ, ಹಾಲ ಕೊಟ್ರ ಹಾಲಲ್ಲ."

ಅವ್ವ ಕಿವಿಯನ್ನು ಆಯಿಯ ತುಟಿಗೇ ಹಚ್ಚಿದಳು. ಮತ್ತೆ ಮತ್ತೆ, "ಏನಬೇ? ಏನಂತೀ?" ಎಂದಳು. ಹನ್ನೆರಡು ದಿನ ಅಪ್ಪಣೆಗೆ ಕಾದು, ಒಂದು ದಿನ ಚಕ್ಕಡಿಯಲ್ಲಿ ಬಂದು, ಕಡೆಗೆ ತಾಯಿ ಏನು ಹೇಳುತ್ತಿದ್ದಾಳೆ ಎಂದು ತಿಳಿಯದೆ ಹೋಗುವುದೆಂದರೆ ಏನು? ಅವ್ವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅಜ್ಜ ಹೊರಗೆ ಗಂಡಸರ ಸಾಲಿನಲ್ಲಿ ಕುಳಿತಿದ್ದ. ಬೀಗಿತ್ತಿ ಮಲಗಿದ ಕೋಣೆಗೆ ಬೀಗರು ಹೋಗುವುದಿಲ್ಲ. ನಾನು ಓಡಿಹೋಗಿ ಅವನ ಎದುರು ನಿಂತು, ತುಟಿ ಬಿಡಿಸಿ, ಎಲ್ಲರೂ ಕೇಳುವ ಹಾಗೆ ಹೇಳಿದೆ: "ಅಜ್ಜಾ, ಒಳಗ ಬಾ. ಆಯಿಗೆ ದನಿ ಹೋಗೈತಿ. ನಿನಗ ಬಾಯಿ ನೋಡಿ ತಿಳೀತದಲ್ಲ!"

ಹೇಳಿದ ಮೇಲೆ ನೆನಪಾಯಿತು, ಯಾರ ಮುಂದೂ ಹೇಳಬೇಡ ಎಂದಿದ್ದ. ಬೀಗರ ಮನೆಯ ಹತ್ತು ಜನ ಗಂಡಸರು ಅವನನ್ನು ನೋಡಿದರು. ಅಜ್ಜ ನನ್ನನ್ನು ನೋಡಿದ. ರುಮಾಲು ಸರಿಮಾಡಿಕೊಂಡು ಎದ್ದ.

ಒಳಗಿನ ಹೆಂಗಸರು ಸೆರಗು ಎಳೆದುಕೊಂಡು ಸರಿದರು. ಅಜ್ಜ ಹಾಸಿಗೆಯ ಪಕ್ಕ ಕುಳಿತು, ದೀಪವನ್ನು ಹತ್ತಿರ ತರಿಸಿ, ಆಯಿಯ ತುಟಿಯನ್ನೇ ನೋಡಿದ. ಹಲ್ಲಿಲ್ಲದ ಬಾಯಿ, ಅರ್ಧ ತೆರೆದು ಅರ್ಧ ಮುಚ್ಚುತ್ತಿತ್ತು. "ಇನ್ನೊಮ್ಮಿ ಹೇಳ್ರಿ," ಎಂದ. ನೋಡಿದ. "ಇನ್ನೊಮ್ಮಿ." ಮೂರನೆಯ ಸಲಕ್ಕೆ ಅವನ ಮುಖದ ಬಣ್ಣ ಇಳಿಯಿತು.

"ಯಾಕ ತಡಾ ಮಾಡಿದಿ, ಅಂತ ಕೇಳಾಕತ್ತಾರ," ಎಂದ.

ಅವನು ಅದನ್ನು ಖರೆಯೇ ಓದಿದನೋ, ಊಹೆಯಿಂದ ಹೇಳಿದನೋ ಎಂದು ನಾನು ದೊಡ್ಡವಳಾದ ಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಊಹೆಯಾಗಿದ್ದರೆ ಬೇರೇನಾದರೂ ಹೇಳಬಹುದಿತ್ತು. ತನ್ನ ತಪ್ಪನ್ನೇ ಎತ್ತಿ ತೋರಿಸುವ ಪ್ರಶ್ನೆಯನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಅವ್ವ ಬಾಯಿ ತೆರೆದಳು. ಅವಳು ಏನು ಹೇಳುತ್ತಿದ್ದಳೋ, ಸುಗ್ಗಿಯ ಕೆಲಸ ಇತ್ತು ಎನ್ನುತ್ತಿದ್ದಳೋ, ದಾರಿಯ ಮೇಲೆ ಹಾಕುತ್ತಿದ್ದಳೋ. ಮಾವನ ಮರ್ಯಾದೆಗಾಗಿ ಏನೋ ಒಂದು ಸುಳ್ಳು ಹೇಳುತ್ತಿದ್ದಳು, ನನಗೆ ಗೊತ್ತು. ಅಜ್ಜ ಕೈಯೆತ್ತಿ ಅವಳನ್ನು ತಡೆದ. ಆಯಿಯ ಮುಖಕ್ಕೆ ಬಾಗಿ, ಬಾಗಿಲಲ್ಲಿ ನಿಂತ ಗಂಡಸರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದ:

"ತಡಾ ನಿಮ್ಮ ಮಗಳು ಮಾಡಿಲ್ರಿ. ಆಕಿ ಹನ್ನೆರಡ ದಿನದ ಹಿಂದನ ಕೇಳ್ಯಾಳ. ನಾ ಕೆಪ್ಪ ಅದೇನಿ, ನನಗ ಕೇಳಲಿಲ್ಲ. ಕೆಪ್ಪ ಅಂತ ಹೇಳಾಕ ನಾಚಿ ಮುಚ್ಚಿಟ್ಟೆ. ತಪ್ಪು ನಂದು."

ಆಯಿ ಅವನನ್ನೇ ನೋಡುತ್ತಿದ್ದಳು. ಅವಳ ತುಟಿ ಮತ್ತೆ ಅಲುಗಾಡಿತು, ಈ ಸಲ ಬಹಳ ಹೊತ್ತು. ಅಜ್ಜ ನೋಡಿದ. ರುಮಾಲಿನ ತುದಿಯಿಂದ ಕಣ್ಣು ಒತ್ತಿಕೊಂಡ.

ಅವ್ವ ಹಾಸಿಗೆಯ ಆ ಬದಿಯಿಂದ ಬಾಗಿದಳು. ಸೆರಗು ತಲೆಯಿಂದ ಜಾರಿತ್ತು, ಅದನ್ನು ಎಳೆದುಕೊಳ್ಳಲಿಲ್ಲ. ತನ್ನ ಬಾಯಿ ಅವನಿಗೆ ಕಾಣುವ ಹಾಗೆ ದೀಪದ ಬೆಳಕಿಗೆ ಮುಖ ತಂದು, "ಏನಂದ್ಳರಿ ಮಾವಾರ, ನಮ್ಮವ್ವ?" ಎಂದಳು.

"ಬೀಗರು ದೂರದಿಂದ ಬಂದಾರ, ಮೊದಲ ಅವರಿಗೆ ಉಣ್ಣಾಕ ಹಾಕು, ಅಂದ್ರವಾ," ಎಂದ ಅಜ್ಜ.

ಅವ್ವ ನಕ್ಕಳು. ಅಷ್ಟು ದಿನಗಳಲ್ಲಿ ಅದೇ ಮೊದಲ ನಗು. ನಗುತ್ತಲೇ ತಾಯಿಯ ಎದೆಯ ಮೇಲೆ ಮುಖವಿಟ್ಟು, ಮನೆಯವರೆಲ್ಲ ಕೇಳುವ ಹಾಗೆ ಗೊಳೋ ಎಂದು ಅತ್ತಳು. ಆಮೇಲೆ ಎದ್ದು, ಮುಖ ತೊಳೆದುಕೊಂಡು, ಮಾವನ ಮುಂದೆ ತಾನೇ ತಾಟು ಇಟ್ಟು ಬಡಿಸಿದಳು.